ಕುಂದಾದ್ರಿಗೆ ಹೊರಟ ಗೆಳೆಯನಿಗೆ

ಪ್ರೀತಿಯ ಗೆಳೆಯ,

ಅಮ್ಮನನ್ನು ಕರೆದುಕೊಂಡು ಮಧ್ಯಾಹ್ನ ತೀರ್ಥಹಳ್ಳಿ ಕಡೆಯ ಕುಂದಾದ್ರಿ ಬೆಟ್ಟ ಹತ್ತುತ್ತೇನೆ ಅಂತ ಬರೆದಿದ್ದೀಯಲ್ಲ, ಬೇಡ ಮಾರಾಯ. ಅದು ಬೆಳಗಿನ ಬೆಟ್ಟ. ನವೆಂಬರ್‌ನಿಂದ ಜನವರಿಯೊಳಗೆ, ಮೋಡವಿಲ್ಲದ, ಗಾಳಿಯಾಡದ ರಾತ್ರಿ ಕಳೆದ ಮೇಲೆ, ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ಮೇಲಿರಬೇಕು. ತಣ್ಣಗಾದ ಗಾಳಿ ಭಾರವಾಗಿ ತಗ್ಗಿಗಿಳಿದು, ಹಳ್ಳ-ಗದ್ದೆಗಳ ತೇವಕ್ಕೆ ಸೇರಿ ಮಂಜು ಕಟ್ಟುತ್ತದೆ. ಕಣಿವೆಯೆಲ್ಲ ಬೆಳ್ಳಗೆ, ಗುಡ್ಡಗಳ ನೆತ್ತಿ ಮಾತ್ರ ಹಸಿರು ದ್ವೀಪ. ಬಿಸಿಲೇರಿದ ಹಾಗೆ ಮಂಜು ಚದುರಿ ಹರಿಯುತ್ತದೆ. ಹತ್ತು ಗಂಟೆಗೆ ಬಂದವರು ಏನಿದೆ ಇಲ್ಲಿ ಅಂತ ಕೇಳುತ್ತಾರೆ.

ಮಂಜು ಹರಿದ ಮೇಲೂ ಐದು ನಿಮಿಷ ಕೂತು ನೋಡು. ತೀರಾ ತಗ್ಗಿನ ಕಡುಹಸಿರು ಪಟ್ಟಿ ಅಡಿಕೆ ತೋಟ, ನೀರು ನೆರಳು ಎರಡೂ ಅಲ್ಲೇ. ಪಕ್ಕದ ಬೈಲಿನಲ್ಲಿ ಗದ್ದೆ. ಮೇಲಿನ ಕುರುಚಲು ಗುಡ್ಡ ಸೊಪ್ಪಿನ ಬೆಟ್ಟ, ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯುವ ಜಾಗ. ಗದ್ದೆಯೂ ಹಸಿರಿರಬೇಕು ಅಂದರೆ ಅಕ್ಟೋಬರ್‌ನಲ್ಲೇ ಬರಬೇಕು, ಜನವರಿಗೆ ಕೂಳೆ ಮಾತ್ರ. ಆದರೆ ಅಕ್ಟೋಬರ್‌ನಲ್ಲಿ ಮೋಡ ಬೆಟ್ಟವನ್ನೇ ನುಂಗಿಬಿಟ್ಟರೆ ನನ್ನನ್ನು ಬೈಬೇಡ.

ಪೆಟ್ರೋಲ್ ತೀರ್ಥಹಳ್ಳಿಯಲ್ಲೇ ಹಾಕಿಸು. ಆಗುಂಬೆ ರಸ್ತೆಯಲ್ಲಿ ಗುಡ್ಡೇಕೇರಿ ಹತ್ತಿರ ತಿರುಗಬೇಕು. ಕೊನೆಯ ಏರು ಕಿರಿದು, ಕಡಿದು. ತಿರುವಿನಲ್ಲಿ ಹಾರನ್ ಹೊಡಿ, ಹತ್ತುವ ಗಾಡಿಗೆ ದಾರಿ ಬಿಡು. ಯಾವ ಗೇರಿನಲ್ಲಿ ಹತ್ತಿದೆಯೋ ಅದರಲ್ಲೇ ಇಳಿ. ನ್ಯೂಟ್ರಲ್ ಮಾಡಿ ಬರೀ ಬ್ರೇಕ್ ನಂಬಿದರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಗೇರಿಲ್ಲದ ಸ್ಕೂಟರಿಗಂತೂ ಈ ಅಪಾಯ ಹೆಚ್ಚು. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ಕಾಲು ಗಂಟೆ ನಿಲ್ಲಿಸು. ಕಾದ ಡಿಸ್ಕಿಗೆ ನೀರು ಸುರಿಯಬೇಡ, ಸೊಟ್ಟಗಾಗುತ್ತದೆ.

ಗಾಡಿ ಬಿಟ್ಟ ಮೇಲೆ ಅಮ್ಮನಿಗೆ ಸ್ವಲ್ಪ ಮೆಟ್ಟಿಲಷ್ಟೇ. ಮೇಲಿರುವುದು 23ನೇ ತೀರ್ಥಂಕರ ಪಾರ್ಶ್ವನಾಥರ ಬಸದಿ. ಜೈನ ಮುನಿ ಕುಂದಕುಂದಾಚಾರ್ಯರಿಂದಲೇ ಬೆಟ್ಟಕ್ಕೆ ಆ ಹೆಸರು ಅನ್ನುತ್ತಾರೆ. ಚಪ್ಪಲಿ ಹೊರಗೆ. ಬೆಳಗಿನ ಹೊತ್ತು ಬಂಡೆ ಇಬ್ಬನಿಗೆ ಒದ್ದೆಯಾಗಿರುತ್ತದೆ, ಕಪ್ಪಗೆ ಮಿರುಗುವ ಕಡೆ ಹಾವಸೆ, ಜಾರುತ್ತದೆ. ಬಸದಿ ಪಕ್ಕದ ಕೊಳದ ಅಂಚಿಗೂ ಅದೇ ಮಾತು, ಫೋಟೊ ದೂರದಿಂದಲೇ ಸಾಕು.

ಮಳೆಗಾಲದಲ್ಲೇ ಬರುವುದಾದರೆ ಉಂಬಳಕ್ಕೆ, ಅಂದರೆ ರಕ್ತ ಹೀರುವ ಜಿಗಣೆಗೆ, ಉಪ್ಪು ತಾ. ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿ, ಕೋಲಿನ ತುದಿಗೆ ಬಿಗಿದು, ಒದ್ದೆ ಮಾಡಿ ಮುಟ್ಟಿಸಿದರೆ ಮುದುರಿ ಬೀಳುತ್ತದೆ. ಕಚ್ಚಿದ ಮೇಲೆ ರಕ್ತ ಸ್ವಲ್ಪ ಹೊತ್ತು ಹರಿಯುತ್ತದೆ, ಗಾಬರಿ ಬೇಡ, ಒತ್ತಿ ಹಿಡಿ. ತಿಂಡಿ ಚೀಲದಿಂದ ಹೊರಗೆ ತೆಗೆಯಬೇಡ, ಮಂಗಗಳಿವೆ.

ಹೊರಡುವ ಮುಂಚೆ ಮೆಕ್ಯಾನಿಕ್‌ಗೆ ಬ್ರೇಕ್ ತೋರಿಸು, ಅಮ್ಮನಿಗೊಂದು ಶಾಲು ಇಟ್ಟುಕೋ.

ಇಂತಿ ನಿನ್ನ ಗೆಳೆಯ