ತುಪ್ಪ ಬಿಟ್ಟರೆ ಸಾಲದು

ಮಾನ್ಯರೆ,

ಫ್ಯಾಟಿ ಲಿವರ್, ಅಂದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿದೆ, ಎಂದೊಡನೆ ಮುಂಬಯಿಯ ನಮ್ಮವರು ತುಪ್ಪ ಬಿಡುತ್ತಾರೆ. ಕಟಿಂಗ್ ಚಹಾದ ಸಕ್ಕರೆ, ಪಾವ್‌ನ ಮೈದಾ, ಬಾಟಲಿ ಜ್ಯೂಸ್ ಮಾತ್ರ ಹಾಗೇ ಉಳಿಯುತ್ತವೆ. ಹೆಚ್ಚಾದ ಸಕ್ಕರೆಯನ್ನು, ಅದರಲ್ಲೂ ಫ್ರಕ್ಟೋಸನ್ನು (ಹಣ್ಣಿನಲ್ಲೂ ಇರುವ ಸಕ್ಕರೆ), ಯಕೃತ್ತೇ ಕೊಬ್ಬಾಗಿಸುತ್ತದೆ. ಹಣ್ಣನ್ನು ಹಿಂಡದೆ ಇಡಿಯಾಗಿ ತಿನ್ನಿ. ತಟ್ಟೆಯಲ್ಲಿ ಅರ್ಧ ಪಲ್ಯ, ಕೋಸಂಬರಿ, ಕಾಲು ಭಾಗ ಬೇಳೆ ಅಥವಾ ಮೀನು (ಕರಿದ ಬಂಗುಡೆಯಲ್ಲ, ಸಾರಿನದು), ಉಳಿದಷ್ಟೇ ಅನ್ನ.

ತೂಕ ಶೇ 5ರಷ್ಟು ಇಳಿದರೂ ಯಕೃತ್ತಿನ ಕೊಬ್ಬು ತಗ್ಗುತ್ತದೆ. ಉರಿಯೂತ ಇಳಿಯಲು ಶೇ 7ರಿಂದ 10, ಅಂದರೆ 80 ಕಿಲೋದವರು 6ರಿಂದ 8 ಕಿಲೋ ಇಳಿಯಬೇಕು. ಉಪವಾಸ ಬಿದ್ದು ತಿಂಗಳಲ್ಲೇ ಇಳಿಸಹೊರಟರೆ ದೇಹದ ಕೊಬ್ಬು ಕರಗಿ ಯಕೃತ್ತಿಗೇ ನುಗ್ಗಿ ಉರಿಯೂತ ಹೆಚ್ಚಬಹುದು. ವಾರಕ್ಕೆ ಅರ್ಧ ಕಿಲೋ ಸಾಕು. ಲೋಕಲ್ ರೈಲು ಹಿಡಿಯುವ ಓಟವೊಂದೇ ಸಾಲದು, ವಾರಕ್ಕೆ 150 ನಿಮಿಷ ಬಿರುಸು ನಡಿಗೆ ಬೇಕು. ಮದ್ಯ ಬೇಡವೇ ಬೇಡ.

– ಓದುಗರು, ಡೊಂಬಿವಲಿ