ಶನಿವಾರದ ಚೆಸ್ ತರಗತಿ ಮತ್ತು ಕಪ್ಪು ಕಾಯಿ

ಆತ್ಮೀಯ ಪೋಷಕರೇ,

ನಮಸ್ಕಾರ. ಶನಿವಾರದ ಚೆಸ್ ತರಗತಿಗೆ ಹೊಸದಾಗಿ ಸೇರಿದ ಮಕ್ಕಳು ಮೊದಲ ಆರು ವಾರ ಕಪ್ಪು ಕಾಯಿಯಲ್ಲೇ ಆಡಬೇಕು ಎಂಬ ನಿಯಮದ ಬಗ್ಗೆ ನಿಮ್ಮಲ್ಲಿ ಕೆಲವರು ಬಂದು ಮಾತಾಡಿದಿರಿ. "ಮಗಳು ಪ್ರತಿ ವಾರ ಸೋತು ಅಳ್ತಾ ಬರ್ತಾಳೆ ಮೇಡಂ, ಇದು ಶಿಕ್ಷೆ ಅಲ್ವಾ?" ಎಂದು ಒಬ್ಬ ತಾಯಿ ಕೇಳಿದರು. ಅವರ ಸಂಕಟ ನನಗೂ ತಟ್ಟಿತು.

ಆದರೆ ಕಪ್ಪು ಕಾಯಿ ಶಿಕ್ಷೆಯಲ್ಲ. ಬಿಳಿಗೆ ಮೊದಲ ನಡೆ ಸಿಗುತ್ತದೆ, ಅದು ಅನುಕೂಲವೇ. ಆದರೆ ಅದು ಎಷ್ಟು ಬೇಗ ಕರಗುತ್ತದೆ ಎಂದು ನಮ್ಮ ಚೆಸ್ ಮೇಷ್ಟ್ರು ಕಳೆದ ವಾರ ಒಂದು ಹಳೇ ಆಟವನ್ನು ಹಲಗೆಯ ಮೇಲೆ ಇಟ್ಟು ತೋರಿಸಿದರು. ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

1907, ಈಗ ಪೋಲೆಂಡಿನಲ್ಲಿರುವ ಲೋಡ್ಜ್ ನಗರ. ಬಿಳಿ ರೋಟ್ಲೆವಿ, ಕಪ್ಪು ಅಕಿಬಾ ರುಬಿನ್‌ಸ್ಟೈನ್. ಇಬ್ಬರೂ ಮಂತ್ರಿಯ ಮುಂದಿನ ಪೇದೆಯನ್ನು ಎರಡು ಮನೆ ತಳ್ಳಿ ಶುರು ಮಾಡಿದರು. ಬಿಳಿಯವರು ಒಂದೇ ಒಂಟೆಯನ್ನು ಮೂರು ಸಲ ನಡೆಸಿ, ಮೊದಲು ಇಟ್ಟ ಮನೆಗೇ ವಾಪಸ್ ತಂದರು. ಮಂತ್ರಿಯನ್ನೂ ಎರಡು ಸಲ ಎತ್ತಿಟ್ಟರು. ಮೊದಲ ನಡೆಯ ಲಾಭ ಅಲ್ಲೇ ಹೋಯಿತು! ರುಬಿನ್‌ಸ್ಟೈನ್ ಆತುರಪಡದೆ ಎರಡೂ ಒಂಟೆಗಳನ್ನು ಬಿಳಿ ರಾಜನ ಕಡೆ ತಿರುಗಿಸಿದರು. 22ನೇ ನಡೆಯಲ್ಲಿ ತಮ್ಮ ಮಂತ್ರಿಯನ್ನು ಪೇದೆಯ ಬಾಯಿಗೆ ಬಿಟ್ಟು, ಆನೆಯಿಂದ ಕುದುರೆ ಹೊಡೆದರು. ಮರುನಡೆಗೆ ಇನ್ನೊಂದು ಆನೆಯನ್ನೂ ಬಿಳಿ ಮಂತ್ರಿಯ ಮುಂದಿಟ್ಟರು. 25ನೇ ನಡೆಗೆ ಬಿಳಿಯವರು ಸೋಲೊಪ್ಪಿಕೊಂಡರು. ಮಕ್ಕಳು ಬೆಂಚು ಬಡಿದರು. ಸದ್ದು ಮಾಡಬೇಡಿ ಅನ್ನಲು ನನಗೆ ಬಾಯಿ ಬರಲಿಲ್ಲ.

ಹಳೇ ಕಾಲದ ಕಥೆ ಅನ್ನಬೇಡಿ. 2013ರಲ್ಲಿ ನೆದರ್ಲೆಂಡ್ಸ್‌ನ ವೈಕ್ ಆನ್ ಜೀಯಲ್ಲಿ ನಮ್ಮ ವಿಶ್ವನಾಥನ್ ಆನಂದ್ ಕಪ್ಪು ಕಾಯಿ ಹಿಡಿದೇ ಅರ್ಮೇನಿಯಾದ ಆಟಗಾರ ಅರೋನಿಯನ್ ಅವರನ್ನು 23 ನಡೆಗಳಲ್ಲಿ ಮುಗಿಸಿದರು. ಅಲ್ಲೂ ಶುರುವಾಗಿದ್ದು ಮಂತ್ರಿಯ ಪೇದೆಯಿಂದಲೇ.

ನಿಮ್ಮ ಮಗು ಆರು ವಾರಕ್ಕೆ ರುಬಿನ್‌ಸ್ಟೈನ್ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಟೂರ್ನಮೆಂಟಿನಲ್ಲಿ ಹೆಚ್ಚುಕಡಿಮೆ ಅರ್ಧ ಆಟಗಳಿಗೆ ಕಪ್ಪೇ ಬರುತ್ತದೆ. ಆಗ ಹೆದರಬಾರದು, ಅಷ್ಟೇ. ಕಪ್ಪು ಬಂತೆಂದು ಆಡುವ ಮೊದಲೇ ಮುಖ ಬಾಡಿಸಿಕೊಂಡ ಮಕ್ಕಳನ್ನು ನಾವು ಕಂಡಿದ್ದೇವೆ. ಶಿಕ್ಷೆಯಲ್ಲ ಎಂದು ಮತ್ತೊಮ್ಮೆ ಹೇಳುತ್ತೇನೆ.

ನಮ್ಮ ತಪ್ಪೂ ಇದೆ. ಮೊದಲೇ ನಿಮಗೆ ತಿಳಿಸಬೇಕಿತ್ತು. ಐದನೇ ಕ್ಲಾಸಿನ ಮಗುವಿನ ಎದುರು ಹತ್ತನೆಯವರನ್ನು ಕೂರಿಸಿದ್ದು ಜಾಸ್ತಿಯಾಯಿತು. ಈ ವಾರದಿಂದ ಏಳನೆಯವರು ಕೂರುತ್ತಾರೆ. ಆದರೆ ಆರು ವಾರ ಎಂದರೆ ಆರು ವಾರವೇ, ಅದರಲ್ಲಿ ಬದಲಾವಣೆ ಇಲ್ಲ.

ಶನಿವಾರ ನಡೆಗಳನ್ನು ಬರೆದುಕೊಳ್ಳಲು ಒಂದು ನೋಟ್‌ಬುಕ್ ಕೊಟ್ಟು ಕಳಿಸಿ.

ಇತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ