ಅಳಿವೆಯ ಕಥೆ ಹೇಳದ ವಿಹಾರ ದೋಣಿ

ಮಾನ್ಯರೇ,

ರಜೆಗೆಂದು ಬಂದಿದ್ದ ಮೊಮ್ಮಕ್ಕಳನ್ನು ಕರೆದುಕೊಂಡು ಕಳೆದ ಭಾನುವಾರ ಸಂಜೆ ಮಂಗಳೂರಿನ ಫಲ್ಗುಣಿ ನದಿಯಲ್ಲಿ ಖಾಸಗಿಯವರು ನಡೆಸುವ ವಿಹಾರ ದೋಣಿ ಹತ್ತಿದ್ದೆ. ದೋಣಿ ಅಚ್ಚುಕಟ್ಟಾಗಿತ್ತು, ಹೊರಡುವ ಮುನ್ನ ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿದರು. ಆ ಬಗ್ಗೆ ನನ್ನ ದೂರಿಲ್ಲ. ಆದರೆ ಹೊರಟಲ್ಲಿಂದ ದಡ ಸೇರುವವರೆಗೆ ಧ್ವನಿವರ್ಧಕದಲ್ಲಿ ಸಿನಿಮಾ ಹಾಡುಗಳಲ್ಲದೆ ಬೇರೇನೂ ಕೇಳಲಿಲ್ಲ. ಸುಲ್ತಾನ್ ಬತ್ತೇರಿಯ ಕಪ್ಪು ಕಲ್ಲಿನ ಬುರುಜು ಕಂಡಾಗ ಕಿರಿಯ ಮೊಮ್ಮಗಳು, 'ಅಜ್ಜಾ, ಅದು ನೀರಿನ ಟ್ಯಾಂಕಾ?' ಎಂದಳು. ನದಿಗೆ ನುಗ್ಗುವ ಶತ್ರುಗಳ ಹಡಗುಗಳ ಮೇಲೆ ಕಣ್ಣಿಡಲು ಟಿಪ್ಪು 1784ರಲ್ಲಿ ಕಟ್ಟಿಸಿದ್ದು ಅದು ಎಂಬುದನ್ನು ಅವಳ ಕಿವಿಗೆ ಬಾಯಿಟ್ಟು ಕೂಗಿ ಹೇಳಬೇಕಾಯಿತು.

ರಸ್ತೆಯಲ್ಲಿ ಬಂದವರು ನೋಡುವುದು ಈ ಊರಿನ ಹಿತ್ತಿಲನ್ನು. ಅದರ ಹೆಬ್ಬಾಗಿಲು ಇರುವುದು ನೀರಿನ ಕಡೆಗೆ. ಟ್ಯುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 12ನೇ ಶತಮಾನದಲ್ಲಿ ಇಲ್ಲಿ ಹಲವು ವರ್ಷ ನೆಲೆಸಿ ಮೆಣಸು, ಅಡಿಕೆ, ಕಂಚಿನ ಪಾತ್ರೆಗಳನ್ನು ಏಡನ್‌ಗೆ ಕಳುಹಿಸುತ್ತಿದ್ದನೆಂಬುದು ಕೈರೋದ ಯಹೂದಿ ಮಂದಿರದಲ್ಲಿ ಉಳಿದುಬಂದ ಪತ್ರಗಳಿಂದ ತಿಳಿದಿದೆ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ತೆರೆದ ಮೇಲೆ ಹೊಳೆ ದಂಡೆಯ ಜೇಡಿಮಣ್ಣು ಹಂಚಾಗಿ ಹಡಗೇರಿ ಹೊರದೇಶಗಳಿಗೂ ಹೋಯಿತು. ನದಿ ಕಡಲು ಸೇರುವ ಅಳಿವೆಯ ಮರಳದಿಬ್ಬದಿಂದಾಗಿ ದೊಡ್ಡ ಹಡಗುಗಳು ಒಳಬರಲಾಗದೆ ಹೊರಗಡಲಲ್ಲೇ ಲಂಗರು ಹಾಕಬೇಕಿತ್ತು, ಸರಕೆಲ್ಲ ಸಣ್ಣ ದೋಣಿಗಳಲ್ಲಿ ಹೋಗಿಬರಬೇಕಿತ್ತು. 1975ರಲ್ಲಿ ಪಣಂಬೂರಿನ ಹೊಸ ಬಂದರು ಉದ್ಘಾಟನೆಯಾಗುವುದರ ಹಿಂದೆ ಈ ತಾಪತ್ರಯವೂ ಇತ್ತು. ಇದಿಷ್ಟನ್ನೂ ಎದುರು ದಡದ ಬೆಂಗ್ರೆಗೂ ಹಳೆ ಬಂದರಿಗೂ ನಡುವೆ ದೋಣಿ ಸಾಗುವ ಅಲ್ಪ ಹೊತ್ತಿನಲ್ಲೇ ಕೈತೋರಿಸಿ ಹೇಳಬಹುದು.

ಹಳೆ ಬಂದರು ಇನ್ನೂ ಉಸಿರಾಡುತ್ತಿದೆ. ಅಂದು ಧಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೊರಡಲಿದ್ದ ಮಂಜಿಗೆ (ಮರದ ಸರಕು ಹಡಗು) ಸರಕು ತುಂಬುತ್ತಿದ್ದರು. ಈರುಳ್ಳಿ ಮೂಟೆ ಹೊತ್ತ ಆಳುಗಳು ಒಂದೇ ಹಲಗೆಯ ಮೇಲೆ ಕಾಲು ತಪ್ಪದಂತೆ ನಡೆದು ಒಳಗೆ ಇಳಿಸಿ ಬರುತ್ತಿದ್ದರು. ಭಾರಕ್ಕೆ ಹಲಗೆ ಬಾಗಿ ಏಳುತ್ತಿತ್ತು. ನಮ್ಮ ದೋಣಿಯಲ್ಲಿದ್ದ ಪ್ರವಾಸಿಗರೋ ಅದಕ್ಕೆ ಬೆನ್ನು ಹಾಕಿ ಮುಳುಗುವ ಸೂರ್ಯನೊಂದಿಗೆ ಸೆಲ್ಫಿ ತೆಗೆಯುತ್ತಿದ್ದರು. ಅವರನ್ನು ದೂರುವಂತಿಲ್ಲ, ಅತ್ತ ನೋಡಿ ಎಂದು ಹೇಳುವವರೇ ಇರಲಿಲ್ಲ.

ಮಂಜಿಗಳಲ್ಲಿ ಬಾಳು ಸವೆಸಿದ ಹಿರಿಯ ಖಲಾಸಿಗಳು ಈ ನದಿಯ ಎರಡೂ ದಡಗಳಲ್ಲಿ ಸಿಗುತ್ತಾರೆ. ಅಂಥವರಲ್ಲಿ ಕೆಲವರಿಗೆ ಪ್ರವಾಸೋದ್ಯಮ ಇಲಾಖೆಯು ಒಂದಿಷ್ಟು ತರಬೇತಿ ನೀಡಿ, ವಿಹಾರ ದೋಣಿಗಳಲ್ಲಿ ಕನ್ನಡ, ತುಳು, ಬ್ಯಾರಿ ಭಾಷೆಗಳಲ್ಲಿ ವಿವರಣೆ ಕೊಡುವ ಕೆಲಸಕ್ಕೆ ನೇಮಿಸಿ, ಅವರ ಸಂಭಾವನೆಯನ್ನು ಟಿಕೆಟ್ ದರದಲ್ಲೇ ಸೇರಿಸುವಂತೆ ದೋಣಿ ನಡೆಸುವವರಿಗೆ ಸೂಚಿಸಬೇಕೆಂದು ಕೋರುತ್ತೇನೆ. ಟಿಕೆಟಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ನನ್ನಂಥವರು ಸಂತೋಷದಿಂದ ಕೊಡುತ್ತೇವೆ. ಹಾಡು ಬೇಕೇಬೇಕು ಎನ್ನುವವರಿಗೆ ಅಳಿವೆಯಿಂದ ತಿರುಗಿ ಬರುವಾಗ ಹಾಕಲಿ.

– ನಿವೃತ್ತ ಶಿಕ್ಷಕ, ಉರ್ವ, ಮಂಗಳೂರು